ಬೀಟಲ್ಸರ ಬಿಡಾರದ ದಿನಗಳು

ನಾಟಕದ ಕಂಪನಿಗಳು ಊರಿಂದೂರಿಗೆ ತಿರುಗುತ್ತಿದ್ದ ಕಾಲದಲ್ಲಿ ನಮ್ಮ ಜನ ಎರಡು ಮಾತುಗಳನ್ನು ಬಳಸುತ್ತಿದ್ದರು: ಒಂದು ‘ಮೊಕ್ಕಾಂ’, ಇನ್ನೊಂದು ‘ಬಿಡಾರ’. ಮೊದಲನೆಯದು ಅರಬ್ಬಿಯ ಮೂಲದ್ದು. ಎರಡನೆಯದು ನಮ್ಮ ‘ಬೀಡಿ’ನ ನೆಂಟ. ಕಂಪನಿಯ ಮೊಕ್ಕಾಂ ಯಾವ ಊರಿನಲ್ಲಿ ಎಂಬುದು ಪ್ರೇಕ್ಷಕರೆಲ್ಲರಿಗೂ ಬೇಕಾದ ಸುದ್ದಿ. ನಟರ ಬಿಡಾರ ಎಲ್ಲಿ, ಅಲ್ಲಿ ರಾತ್ರಿ ಒಲೆ ಹೊತ್ತಿತೆ, ಎಂದು ವಿಚಾರಿಸಿದವರು ಕಡಮೆ. ಇಂಗ್ಲೆಂಡಿನ ಲಿವರ್‌ಪೂಲಿನಿಂದ ಹೊರಟು ಲೋಕಪ್ರಸಿದ್ಧರಾದ ಬೀಟಲ್ಸ್ ಎಂಬ ವಾದ್ಯಗೋಷ್ಠಿಯವರ ಮೊಕ್ಕಾಂಗಳನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಅವರಿಗೆ ಹೆಸರು ಬರುವುದಕ್ಕೆ ಮುಂಚಿನ ಬಿಡಾರದ ದಿನಗಳನ್ನು ಇಲ್ಲಿ ಸ್ವಲ್ಪ ನೋಡೋಣ.

ಅವರು ಹಾಡುತ್ತಿದ್ದ ರಾಕ್ ಎಂಡ್ ರೋಲ್ ಎಂಬ ಸಂಗೀತದ ಹೆಸರಿನಲ್ಲಿರುವ ‘ರಾಕ್’ ಶಬ್ದಕ್ಕೆ ಬಂಡೆ ಎಂದು ಅರ್ಥಮಾಡಬಾರದು; ತೂಗಾಡುವುದು ಎಂಬುದೇ ಅಲ್ಲಿನ ಅರ್ಥ. ಗೋಷ್ಠಿಯ ಹೆಸರಿನಲ್ಲಿಯೂ ಒಂದು ಶ್ಲೇಷೆಯಿದೆ. ‘ಬೀಟಲ್’ ಎಂದರೆ ಜೀರುಂಡೆ, ‘ಬೀಟ್’ ಎಂದರೆ ತಾಳ. ಒಂದು ಅಕ್ಷರವನ್ನು ಬದಲಿಸಿ ಎರಡನ್ನೂ ಒಂದೇ ಪದದಲ್ಲಿ ಹಿಡಿದಿದ್ದಾರೆ. ಆದರೆ 1960ರ ಮೇ ತಿಂಗಳಿನಲ್ಲಿ ಹೆಸರು ಇನ್ನೂ ನೆಲೆಗೊಂಡಿರಲಿಲ್ಲ. ಆಗ ಅವರು ಐವರು. ಜಾನ್ ಲೆನನ್ ಮತ್ತು ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲಾ ಶಾಲೆಯ ವಿದ್ಯಾರ್ಥಿಗಳು. ಪಾಲ್ ಮೆಕಾರ್ಟ್ನಿ ಪರೀಕ್ಷೆಗೆ ಓದಬೇಕಾಗಿದ್ದ ಶಾಲೆಯ ಹುಡುಗ. ಜಾರ್ಜ್ ಹ್ಯಾರಿಸನ್ ಒಂದು ದೊಡ್ಡ ಅಂಗಡಿಯಲ್ಲಿ ವಿದ್ಯುತ್ ಕೆಲಸ ಕಲಿಯುತ್ತಿದ್ದವನು. ಇವರಲ್ಲಿ ಯಾರಿಗೂ ಇಪ್ಪತ್ತು ತುಂಬಿರಲಿಲ್ಲ. ಐದನೆಯವನು ಡ್ರಮ್ ಬಾರಿಸುವ ಟಾಮಿ ಮೂರ್. ಅವನಿಗೆ ಇಪ್ಪತ್ತೆಂಟು ವರ್ಷ. ಬಾಟಲಿ ಕಾರ್ಖಾನೆಯೊಂದರಲ್ಲಿ ಸರಕು ಎತ್ತುವ ಗಾಡಿ ನಡೆಸಿ ದುಡಿಯುತ್ತಿದ್ದವನು.

ಲಂಡನ್ನಿನ ಲ್ಯಾರಿ ಪಾರ್ನ್ಸ್ ಎಂಬ ಸಂಗೀತ ವ್ಯವಹಾರಸ್ಥ ತನ್ನ ಗಾಯಕರಲ್ಲೊಬ್ಬನಾದ ಜಾನಿ ಜೆಂಟಲ್‌ನಿಗೆ ಪಕ್ಕವಾದ್ಯ ನುಡಿಸಲು ಇವರನ್ನು ಗೊತ್ತುಮಾಡಿದ. ಸ್ಕಾಟ್ಲೆಂಡಿನ ಚಿಕ್ಕ ಊರುಗಳಲ್ಲಿ ಏಳು ಆಟ, ಒಂಬತ್ತು ದಿನಗಳ ತಿರುಗಾಟ. ಪಾಲ್ ತನ್ನ ತಂದೆಗೆ, ಪರೀಕ್ಷೆಗೆ ಮುಂಚೆ ತಲೆಗೆ ಒಂದಿಷ್ಟು ವಿಶ್ರಾಂತಿ ಬೇಕೆಂದು ಹೇಳಿ ಒಪ್ಪಿಸಿದನಂತೆ. ಮೇಷ್ಟರಾಗಿ ನಾನು ಈ ವಾದವನ್ನು ಬಹಳ ಸಲ ಕೇಳಿದ್ದೇನೆ!

ಮೇ 20ರಂದು ಆಲೋವ ಎಂಬ ಊರಿನ ಪುರಭವನದಲ್ಲಿ ಮೊದಲ ಆಟ. ಗಾಯಕನಿಗೂ ವಾದಕರಿಗೂ ಅಲ್ಲಿಯೇ ಮೊದಲ ಭೇಟಿ. ಅರ್ಧ ಗಂಟೆಯೂ ಅಭ್ಯಾಸವಾಗಿರಲಿಲ್ಲ. ಅಷ್ಟರಲ್ಲಿ ಸಭೆಯ ಮುಂದೆ ನಿಲ್ಲಬೇಕಾಯಿತು. ಪ್ರಚಾರದಲ್ಲಿ ದೊಡ್ಡದಾಗಿ ಕಂಡದ್ದು ಜಾನಿ ಜೆಂಟಲನ ಹೆಸರು. ಇವರು ಬರಿಯ ‘ಅವನ ಮೇಳ’. ಮಾರನೆಯ ದಿನ ಇನ್‌ವರ್ನೆಸ್. ಬಳಿಕ ಫ್ರೇಸರ್‌ಬರೊ, ಕೀತ್, ಫಾರೆಸ್, ನೇರ್ನ್, ಪೀಟರ್‌ಹೆಡ್. ಊರಿಂದೂರಿಗೆ ಒಂದು ವ್ಯಾನು. ಅದರೊಳಗೆ ಗಿಟಾರುಗಳು, ಧ್ವನಿವರ್ಧಕಗಳು, ಡ್ರಮ್ಮುಗಳು, ಇವುಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ಮನುಷ್ಯರು. ಕೆಲವರು ತಮಗೆ ತಾವೇ ರಂಗನಾಮಗಳನ್ನು ಇಟ್ಟುಕೊಂಡರು: ಪಾಲ್ ಮೆಕಾರ್ಟ್ನಿ ‘ಪಾಲ್ ರಮೋನ್’ ಆದ, ಜಾರ್ಜ್ ‘ಕಾರ್ಲ್ ಹ್ಯಾರಿಸನ್’ ಆದ. ಕೈಯಲ್ಲಿ ಕಾಸಿಲ್ಲದಿದ್ದರೂ ಬಿರುದಿಗೆ ಕೊರತೆಯಿರಲಿಲ್ಲ.

ಮೇ 23ರಂದು ಫ್ರೇಸರ್‌ಬರೊಗೆ ಹೋಗುವ ದಾರಿಯಲ್ಲಿ, ಬ್ಯಾನ್ಫ್ ಎಂಬಲ್ಲಿಗೆ ಹತ್ತಿರ, ಆ ವ್ಯಾನು ಒಂದು ಕಾರಿಗೆ ಡಿಕ್ಕಿ ಹೊಡೆಯಿತು. ಆಗ ಚಕ್ರ ಹಿಡಿದಿದ್ದವನು ಗಾಯಕ ಜೆಂಟಲನೇ. ಹಿಂದೆ ಪೇರಿಸಿದ್ದ ಸಾಮಾನುಗಳು ಹಾರಿಬಂದು ಟಾಮಿ ಮೂರನ ಮುಖಕ್ಕೆ ಬಡಿದವು. ಹಲ್ಲುಗಳು ಅಲ್ಲಾಡಿಹೋದವು, ತಲೆಗೂ ಪೆಟ್ಟಾಯಿತು. ಆಸ್ಪತ್ರೆಗೆ ಕರೆದೊಯ್ದರು. ಆದರೆ ಸಂಜೆ ಆಟವಿದೆ, ಟಿಕೀಟು ಮಾರಿದೆ, ತಾಳವಿಲ್ಲದೆ ಕುಣಿತವಿಲ್ಲ! ಲೆನನ್ನನೂ ಸಭಾಂಗಣದ ವ್ಯವಸ್ಥಾಪಕನೂ ಹೋಗಿ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ತಂದು ಡ್ರಮ್ಮುಗಳ ಹಿಂದೆ ಕೂರಿಸಿದರೆಂದು ಆ ಗೋಷ್ಠಿಯ ಚರಿತ್ರೆ ಬರೆದವರು ಹೇಳುತ್ತಾರೆ. ಇದನ್ನು ತಮಾಷೆಯ ಕಥೆಯಂತೆ ಹೇಳುವುದು ವಾಡಿಕೆ. ನನಗೆ ಅದರಲ್ಲಿ ತಮಾಷೆ ಕಾಣುವುದಿಲ್ಲ. ಹತ್ತೊಂಬತ್ತರ ಹುಡುಗನಿಗೆ ಅದು ಸಾಹಸ. ಬಾಯಿ ತುಂಬ ನೆತ್ತರು ಕಂಡವನಿಗೆ ಅದು ಕೂಲಿ.

ಇನ್ನು ನಾಲ್ಕು ಆಟಗಳನ್ನು ಮೂರ್ ಹಾಗೆಯೇ ಮುಗಿಸಿದ. ತಿರುಗಾಟ ಕೊನೆಗೊಂಡಾಗ ಎಲ್ಲರ ಜೇಬೂ ಬರಿದು. ವಿದ್ಯಾರ್ಥಿಗಳಿಗೆ ಮನೆಯಲ್ಲಿ ಊಟ ಕಾದಿತ್ತು. ಮೂರನಿಗೆ ಕಾದಿದ್ದದ್ದು ಕಾರ್ಖಾನೆಯ ಪಾಳಿ. ಜೂನ್ ತಿಂಗಳಲ್ಲಿ ಒಂದು ಸಂಜೆ ಅವನು ಕಾರ್ಯಕ್ರಮಕ್ಕೆ ಬರಲಿಲ್ಲ. ಉಳಿದವರು ಗಾರ್ಸ್ಟನ್ನಿನ ಬಾಟಲಿ ಕಾರ್ಖಾನೆಗೇ ಹೋಗಿ ಕರೆದರು. ಅವನು ಗಾಡಿಯಿಂದ ಇಳಿಯಲಿಲ್ಲ. ಅವನನ್ನು ಹೇಡಿ ಎನ್ನಬಹುದೆ? ವಾರದ ಸಂಬಳ ನಂಬಿ ಬದುಕುವವನು ಅದನ್ನು ಬಿಟ್ಟು ತಾಳ ಹಾಕಲು ಹೊರಡದಿದ್ದರೆ ಅದು ಲೆಕ್ಕ ತಪ್ಪಿದ ಮಾತಲ್ಲ. ಮುಂದೆ ಏನಾಗುವುದೆಂದು ಆ ಸಂಜೆ ಯಾರಿಗೆ ಗೊತ್ತಿತ್ತು?

ಆಗಸ್ಟ್ ತಿಂಗಳಲ್ಲಿ ಪೀಟ್ ಬೆಸ್ಟ್ ಎಂಬ ಹೊಸ ಡ್ರಮ್ ವಾದಕನೊಡನೆ ಅವರು ಜರ್ಮನಿಯ ಹ್ಯಾಂಬರ್ಗಿಗೆ ಹೊರಟರು. ಆಲನ್ ವಿಲಿಯಮ್ಸ್ ಎಂಬಾತ ತನ್ನ ವ್ಯಾನಿನಲ್ಲಿ ಕರೆದೊಯ್ದ. ಬಂದರು ಪಟ್ಟಣದ ಆ ಕೇರಿಯಲ್ಲಿ ಇಂದ್ರ ಎಂಬ ಹೆಸರಿನ ಒಂದು ಕುಡಿತದ ಕುಣಿತದ ಮನೆ. ನಮ್ಮ ದೇವೇಂದ್ರನ ಹೆಸರು ಅಲ್ಲಿ ಎಂಥ ಅಮರಾವತಿಗೆ ಸಂದಿತ್ತು ನೋಡಿ! ದಿನಕ್ಕೆ ತಲಾ ಮೂವತ್ತು ಮಾರ್ಕ್ ಸಂಬಳ. ವಾರದ ದಿನಗಳಲ್ಲಿ ನಾಲ್ಕೂವರೆ ಗಂಟೆ, ಶನಿವಾರ ಭಾನುವಾರ ಆರು ಗಂಟೆ ನುಡಿಸಬೇಕು. ಬಿಡಾರವೆಂದರೆ ಬಾಂಬಿ ಎಂಬ ಚಿತ್ರಮಂದಿರದ ಪರದೆಯ ಹಿಂಬದಿಯಲ್ಲಿ, ಪಾಯಖಾನೆಗೆ ಹೊಂದಿಕೊಂಡಿದ್ದ, ಕಿಟಕಿಯಿಲ್ಲದ ಉಗ್ರಾಣ. ಮುಖ ತೊಳೆಯಲು ಅದೇ ಪಾಯಖಾನೆಯ ತಣ್ಣೀರು. ಇಂದ್ರದಲ್ಲಿ 48 ರಾತ್ರಿ ನುಡಿಸಿದ ಮೇಲೆ ಗದ್ದಲದ ದೂರು ಬಂದು, ಕೈಸರ್‌ಕೆಲರ್ ಎಂಬ ಇನ್ನೊಂದು ಕಡೆಗೆ ಅವರನ್ನು ಕಳಿಸಲಾಯಿತು. ನವೆಂಬರಿನಲ್ಲಿ ಜಾರ್ಜ್‌ಗೆ ಹದಿನೇಳೇ ವರ್ಷ ಎಂಬುದು ಸರ್ಕಾರಕ್ಕೆ ತಿಳಿದು ದೇಶದಿಂದ ಹೊರಗಟ್ಟಿದರು. ಸ್ವಲ್ಪ ದಿನದಲ್ಲಿ ಪಾಲ್ ಮತ್ತು ಪೀಟರಿಗೂ ಅದೇ ಗತಿಯಾಯಿತು.

ಹ್ಯಾಂಬರ್ಗಿನಲ್ಲಿ ಅವರ ಸಂಗೀತ ಗಟ್ಟಿಯಾಯಿತೆಂದು ಎಲ್ಲರೂ ಬರೆಯುತ್ತಾರೆ, ಅದು ನಿಜ. ಒಂದೇ ರಾತ್ರಿ ಆರು ಗಂಟೆ ಹಾಡಬೇಕಾದವನು ಕಲಿತ ಹತ್ತು ಹಾಡುಗಳಲ್ಲಿ ಕಾಲ ತಳ್ಳಲಾರ. ಆದರೆ ಸಂಗೀತ ಗಟ್ಟಿಯಾದಷ್ಟು ಬೇಗ ಸಭೆ ತುಂಬಲಿಲ್ಲ. 1961ರ ಡಿಸೆಂಬರ್ 9ರಂದು ಲಿವರ್‌ಪೂಲಿನಿಂದ ಇನ್ನೂರು ಮೈಲಿಗೂ ಹೆಚ್ಚು ದೂರ ದಕ್ಷಿಣಕ್ಕೆ ಆಲ್ಡರ್‌ಷಾಟ್‌ಗೆ ವ್ಯಾನಿನಲ್ಲಿ ಹೋದರು. ಹಣ ಪಾವತಿಯ ತೊಡಕಿನಿಂದ ಊರಿನ ಪತ್ರಿಕೆಯಲ್ಲಿ ಜಾಹೀರಾತು ಅಚ್ಚಾಗಿರಲಿಲ್ಲ. ಸಭಾಂಗಣಕ್ಕೆ ಬಂದವರು ಹದಿನೆಂಟು ಜನ. ಅವರಿಗೇ ನುಡಿಸಬೇಕಾಯಿತು.

ಬಾನುಲಿಯ ವಾಚಕರಿಗೆ ಮುಂದಿನ ಸಂಗತಿ ಹಿಡಿಸೀತು. ಮೂರೇ ತಿಂಗಳಲ್ಲಿ, 1962ರ ಮಾರ್ಚ್ 7ರಂದು, ಮ್ಯಾಂಚೆಸ್ಟರಿನ ಪ್ಲೇಹೌಸಿನಲ್ಲಿ ಬಿ.ಬಿ.ಸಿ. ಅವರನ್ನು ಧ್ವನಿಮುದ್ರಿಸಿ ಮರುದಿನ ಪ್ರಸಾರ ಮಾಡಿತು. ಹದಿನೆಂಟು ಜನರಿಗಾಗಿ ಇಡೀ ದಿನ ಬಂಡಿಯಲ್ಲಿ ಕುಲುಕಿದವರ ದನಿ ಈಗ ದೇಶದ ಮನೆಮನೆಗೆ ಹೋಯಿತು. ಅದರಿಂದ ರಸ್ತೆಯ ಅಲೆದಾಟ ಕಡಮೆಯಾಯಿತೆ? ಇಲ್ಲ, ರೇಡಿಯೊದಲ್ಲಿ ಕೇಳಿದವರು ಕಣ್ಣಾರೆ ನೋಡಬೇಕೆಂದರು, ತಿರುಗಾಟ ಹೆಚ್ಚೇ ಆಯಿತು. ಆ ವರ್ಷವೇ ಪೀಟ್ ಬೆಸ್ಟನ ಸ್ಥಾನಕ್ಕೆ ರಿಂಗೊ ಸ್ಟಾರ್ ಬಂದ.

ಆ ದಿನಗಳಲ್ಲಿ ವ್ಯಾನು ನಡೆಸುತ್ತಿದ್ದವನು ನೀಲ್ ಆಸ್ಪಿನಲ್. ಲೆಕ್ಕಪರಿಶೋಧಕನಾಗಲು ತರಬೇತಿ ಪಡೆಯುತ್ತಿದ್ದವನು ಅದನ್ನು ಬಿಟ್ಟು ಇವರ ಸಾಮಾನು ಹೊರಲು ಬಂದ. ಮೂರ್ ಮಾಡಲಾರದ್ದನ್ನು ಅವನು ಮಾಡಿದ. ಗೋಷ್ಠಿಯ ವ್ಯವಹಾರ ಸಂಸ್ಥೆಯನ್ನು 2007ರ ವರೆಗೆ ಅವನೇ ನಡೆಸಿದ. 1963ರ ಜನವರಿಯಲ್ಲಿ ಅವನಿಗೆ ಜ್ವರ ಬಂದು, ಟೆಲಿಫೋನ್ ಇಲಾಖೆಯ ಮ್ಯಾಲ್ ಇವಾನ್ಸ್ ಚಾಲಕನಾಗಿ ಹೋದ. ಇಂಗ್ಲೆಂಡು ಕಂಡ ಕಡು ಚಳಿಗಾಲಗಳಲ್ಲಿ ಅದೊಂದು. ಲಂಡನ್ನಿನಲ್ಲಿ ಬಾನುಲಿಯ ಕೆಲಸ ಮುಗಿಸಿ ಬರುವಾಗ ವ್ಯಾನಿನ ಮುಂದಿನ ಗಾಜು ಒಡೆದುಹೋಯಿತು. ಇವಾನ್ಸ್ ಉಳಿದ ಚೂರುಗಳನ್ನು ಕೈಯಿಂದ ತಳ್ಳಿಹಾಕಿ, ಮುಖಕ್ಕೆ ಬಡಿಯುವ ಹಿಮಗಾಳಿಯಲ್ಲಿ ಗಾಡಿ ನಡೆಸಿದ. ಹಿಂದುಗಡೆ ನಾಲ್ವರೂ ಕಾವಿಗಾಗಿ ಒಬ್ಬರ ಮೇಲೊಬ್ಬರು ಮಲಗಿದರು. ಮೇಲಿದ್ದವನು ಚಳಿಗೆ ಸೆಟೆದಾಗ ಕೆಳಗಿಳಿಯುವುದು, ಕೆಳಗಿದ್ದವನು ಮೇಲೇರುವುದು. ಹೀಗೆ ಸರದಿಯಿಂದ ಲಿವರ್‌ಪೂಲ್ ಸೇರಿದರು. ಜನವರಿ 23ರ ರಾತ್ರಿ ಆ ಊರಿನ ಕ್ಯಾವರ್ನ್ ನೆಲಮಾಳಿಗೆಯಲ್ಲಿ ಎಂದಿನಂತೆ ಅವರ ಕಾರ್ಯಕ್ರಮ ನಡೆಯಿತು.