ಜೀಪುಗಳಲ್ಲಿ ಗೇರ್ ಬದಲಾವಣೆಯ ದೋಷಗಳು

ಕೈಯಿಂದ ಗೇರ್ ಹಾಕುವ ವಾಹನಗಳಲ್ಲಿ ಗೇರ್ ಸರಾಗವಾಗಿ ಬೀಳದಿರುವುದು, ಹಾಕುವಾಗ ಕರಕರ ಶಬ್ದವಾಗುವುದು ಹಾಗೂ ಹಾಕಿದ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಜಾರುವುದು ಗೇರ್ ಬದಲಾವಣೆಯ ಮುಖ್ಯ ದೋಷಗಳಾಗಿವೆ. ಕೆಸರು, ನೀರು ಮತ್ತು ಕಡಿದಾದ ಏರಿಳಿತಗಳಲ್ಲಿ ಸಂಚರಿಸುವ ಜೀಪಿನಂತಹ ಫೋರ್ ವೀಲ್ ಡ್ರೈವ್ ವಾಹನಗಳಲ್ಲಿ ಇವಕ್ಕೆ ವಿಶೇಷ ಮಹತ್ವವಿದೆ. ಇಳಿಜಾರಿನಲ್ಲಿ ಗೇರ್ ಬೀಳದಿದ್ದರೆ ಎಂಜಿನ್ನಿನ ತಡೆ ದೊರೆಯದೆ ವಾಹನದ ಭಾರವೆಲ್ಲ ಬ್ರೇಕುಗಳ ಮೇಲೆ ಬೀಳುತ್ತದೆ.

ರಚನೆ ಮತ್ತು ಕಾರ್ಯ

ಗೇರ್ ಬದಲಿಸುವಾಗ ಕ್ಲಚ್ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬೇರ್ಪಡಿಸುತ್ತದೆ. ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಭಾಗಗಳನ್ನು ಸಿಂಕ್ರೋಮೆಶ್ ಉಂಗುರಗಳು ಘರ್ಷಣೆಯ ಮೂಲಕ ಸಮವೇಗಕ್ಕೆ ತಂದ ನಂತರ ಹಲ್ಲುಗಳು ಕೂಡಿಕೊಳ್ಳುತ್ತವೆ. ಈ ವ್ಯವಸ್ಥೆಯು 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. ಎರಡನೆಯ ಮಹಾಯುದ್ಧ ಕಾಲದ ವಿಲ್ಲಿಸ್ ಜೀಪಿನಲ್ಲಿ ಎರಡನೆಯ ಮತ್ತು ಮೂರನೆಯ ಗೇರುಗಳಿಗೆ ಮಾತ್ರ ಸಿಂಕ್ರೋಮೆಶ್ ಇತ್ತು. ಆದುದರಿಂದ ಅಂತಹ ಹಳೆಯ ವಾಹನಗಳು ಚಲಿಸುತ್ತಿರುವಾಗ ಮೊದಲನೆಯ ಗೇರ್ ಹಾಕಿದರೆ ಶಬ್ದವಾಗುವುದು ದೋಷವಲ್ಲ.

ದೋಷ ಪತ್ತೆ

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ ಪರೀಕ್ಷಿಸಲಾಗುತ್ತದೆ.

* ಎಂಜಿನ್ ನಿಂತಿರುವಾಗ ಗೇರುಗಳು ಸರಾಗವಾಗಿ ಬಿದ್ದು, ಚಾಲನೆಯಲ್ಲಿರುವಾಗ ಬೀಳದಿದ್ದರೆ ಕ್ಲಚ್ ಪೂರ್ಣವಾಗಿ ಬಿಡುತ್ತಿಲ್ಲವೆಂದು ಊಹಿಸಬಹುದು.
* ಕ್ಲಚ್ ಒತ್ತಿ ಕೆಲವು ಸೆಕೆಂಡು ಕಾದ ನಂತರವೂ ರಿವರ್ಸ್ ಗೇರ್ ಕರಕರ ಎಂದರೆ ಈ ಊಹೆ ಬಲಗೊಳ್ಳುತ್ತದೆ.
* ಎಂಜಿನ್ ನಿಂತಿದ್ದರೂ ಲಿವರ್ ಬಿಗಿಯಾಗಿದ್ದರೆ ಲಿವರಿನ ಜೋಡಣೆ ಅಥವಾ ಒಳಗಿನ ಫೋರ್ಕುಗಳನ್ನು ಪರಿಶೀಲಿಸಬೇಕು.
* ವಾಹನ ಓಡುತ್ತಿರುವಾಗ ಒಂದೇ ಗೇರಿನಲ್ಲಿ ಶಬ್ದ ಬಂದರೆ ಆ ಗೇರಿನ ಸಿಂಕ್ರೋಮೆಶ್ ಉಂಗುರ ಸವೆದಿರುವ ಸಂಭವ ಹೆಚ್ಚು.
* ಬೆಳಗಿನ ಚಳಿಯಲ್ಲಿ ಮಾತ್ರ ಗೇರುಗಳು ಬಿಗಿಯಾಗಿದ್ದು, ಬಿಸಿಯಾದ ಮೇಲೆ ಸಡಿಲಗೊಂಡರೆ ಗೇರ್ ಆಯಿಲ್ ಮಂದವಾಗಿರಬಹುದು.

ಕಾರಣ ಮತ್ತು ಪರಿಹಾರ

ಹೈಡ್ರಾಲಿಕ್ ಕ್ಲಚ್‌ಗಳಲ್ಲಿ ದ್ರವದ ಸೋರಿಕೆ ಅಥವಾ ಕೊಳವೆಯಲ್ಲಿ ಸೇರಿದ ಗಾಳಿ ಸಾಮಾನ್ಯ ಕಾರಣ. ಸೋರಿಕೆ ಸರಿಪಡಿಸಿ ಗಾಳಿ ಹೊರತೆಗೆಯುವುದು ಪರಿಹಾರ. ಕೇಬಲ್ ಅಥವಾ ಸರಳಿನ ಕ್ಲಚ್‌ಗಳಲ್ಲಿ ಪೆಡಲಿನ ಆಟವನ್ನು ಹೊಂದಿಸಬೇಕಾಗುತ್ತದೆ. ನೀರಿನಲ್ಲಿ ಓಡಿಸಿ ಬಹುಕಾಲ ನಿಲ್ಲಿಸಿದ ವಾಹನದಲ್ಲಿ ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲ್‌ಗೆ ಅಂಟಿಕೊಳ್ಳುವುದೂ ಉಂಟು.

ಹೊಳೆ ದಾಟುವಾಗ ಬ್ರೀದರ್ ಕೊಳವೆ ಅಥವಾ ಹಳೆಯ ಸೀಲುಗಳ ಮೂಲಕ ಗೇರ್‌ಬಾಕ್ಸಿಗೆ ನೀರು ನುಗ್ಗಬಹುದು. ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿರುವುದು ಇದರ ಗುರುತು. ಅಂತಹ ಆಯಿಲನ್ನು ತಡಮಾಡದೆ ಬದಲಿಸಬೇಕು. ಡಿಫರೆನ್ಷಿಯಲ್‌ಗೆ ಬಳಸುವ ಕೆಲವು ಜಿಎಲ್-5 ಆಯಿಲುಗಳ ಗಂಧಕಯುಕ್ತ ಅಂಶಗಳು ಹಿತ್ತಾಳೆಯ ಉಂಗುರಗಳನ್ನು ಸವೆಸಬಲ್ಲವು. ಆದ್ದರಿಂದ ತಯಾರಕರು ಸೂಚಿಸಿದ ದರ್ಜೆಯನ್ನೇ ಬಳಸುವುದು ಅಗತ್ಯ.

ಟ್ರಾನ್ಸ್‌ಫರ್ ಕೇಸಿನ ಲಿವರ್

ಮಧ್ಯದ ಡಿಫರೆನ್ಷಿಯಲ್ ಇಲ್ಲದ ವಾಹನವನ್ನು ಒಣ ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್‌ನಲ್ಲಿ ಓಡಿಸಿದರೆ, ತಿರುವುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗ ವ್ಯತ್ಯಾಸದಿಂದ ಶಾಫ್ಟುಗಳಲ್ಲಿ ಬಿಗಿತ ಉಂಟಾಗಿ ಲಿವರ್ ಸಿಕ್ಕಿಕೊಳ್ಳುತ್ತದೆ. ಇದನ್ನು ಗೇರ್‌ಬಾಕ್ಸಿನ ದೋಷವೆಂದು ತಪ್ಪಾಗಿ ಭಾವಿಸುವುದುಂಟು. ವಾಹನವನ್ನು ಸ್ವಲ್ಪ ದೂರ ಹಿಂದಕ್ಕೆ ನಡೆಸಿದರೆ ಬಿಗಿತ ಸಡಿಲಗೊಳ್ಳುತ್ತದೆ.

ಚಾಲನೆಯಲ್ಲಿ ಎಚ್ಚರಿಕೆ

ಸವೆದ ಸಿಂಕ್ರೋಮೆಶ್ ಇರುವ ವಾಹನದಲ್ಲಿ ಕೆಳಗಿನ ಗೇರಿಗೆ ಬರಲು ಡಬಲ್ ಕ್ಲಚ್ ವಿಧಾನ ನೆರವಾಗುತ್ತದೆ: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಎಂಜಿನ್ ವೇಗ ಹೆಚ್ಚಿಸಿ, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಲಾಗುತ್ತದೆ. ಇದು ತಾತ್ಕಾಲಿಕ ಉಪಾಯವೇ ಹೊರತು ದುರಸ್ತಿಯಲ್ಲ. ಘಟ್ಟದ ಇಳಿಜಾರು ಆರಂಭವಾಗುವ ಮೊದಲೇ ಸೂಕ್ತ ಕೆಳಗಿನ ಗೇರ್ ಹಾಕಿಕೊಳ್ಳುವುದು ಸುರಕ್ಷಿತ.