ಏಕಕಾಲಕ್ಕೆ ಎರಡು ಪದವಿ: ಅನುಮತಿಯ ಎಲ್ಲೆ ಎಲ್ಲಿಯವರೆಗೆ?

ಬೆಳಗ್ಗೆ ಒಂದು ಕಾಲೇಜಿನಲ್ಲಿ ಬಿ.ಕಾಂ., ಸಂಜೆ ಮತ್ತೊಂದು ಕಾಲೇಜಿನಲ್ಲಿ ಬಿ.ಎ. ಹೀಗೆ ಎರಡು ಸ್ನಾತಕ ಪದವಿಗಳನ್ನು ಒಂದೇ ಅವಧಿಯಲ್ಲಿ ಪಡೆಯಲು ಭಾರತದ ಉನ್ನತ ಶಿಕ್ಷಣ ವ್ಯವಸ್ಥೆ ಬಹುಕಾಲ ಒಪ್ಪಿರಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರ ಏಪ್ರಿಲ್ 13ರಂದು ಹೊರಡಿಸಿದ ಮಾರ್ಗಸೂಚಿಯಿಂದ ಈ ಬಾಗಿಲು ತೆರೆಯಿತು. ಆದರೆ ಆಯೋಗದ ಅನುಮತಿ ಬೇರೆ, ಕಾಲೇಜಿನ ಪ್ರವೇಶ ಬೇರೆ. ಇವೆರಡರ ನಡುವಿನ ಅಂತರವನ್ನು ಅರಿಯದೆ ಶುಲ್ಕ ಕಟ್ಟಿದವರಿಗೆ ತೊಂದರೆಯ ಅರಿವಾಗುವುದು ಹಲವು ವರ್ಷಗಳ ನಂತರ, ಉದ್ಯೋಗದ ದಾಖಲೆ ಪರಿಶೀಲನೆಯ ಹೊತ್ತಿಗೆ.

ಈ ಅನುಮತಿ ದಿಢೀರನೆ ದೊರೆತದ್ದಲ್ಲ. ಹಿಮಾಚಲ ಪ್ರದೇಶ ಕೇಂದ್ರೀಯ ವಿಶ್ವವಿದ್ಯಾಲಯದ ಅಂದಿನ ಕುಲಪತಿ ಫುರ್ಖಾನ್ ಕಮರ್ ಅವರ ನೇತೃತ್ವದಲ್ಲಿ 2012ರಲ್ಲಿ ರಚನೆಯಾದ ಸಮಿತಿಯು, ನಿಯತ ಪದವಿಯೊಂದಿಗೆ ದೂರಶಿಕ್ಷಣದ ಮೂಲಕ ಇನ್ನೊಂದು ಪದವಿ ಓದಲು ಅವಕಾಶ ನೀಡಬಹುದೆಂದು ಶಿಫಾರಸು ಮಾಡಿತ್ತು. ಯುಜಿಸಿ ಈ ಬಗ್ಗೆ ವೃತ್ತಿಪರ ಶಿಕ್ಷಣ ಮಂಡಳಿಗಳ ಅಭಿಪ್ರಾಯ ಕೇಳಿತು. ಬಂದ ಉತ್ತರಗಳು ಅನುಕೂಲಕರವಾಗಿರಲಿಲ್ಲ. 2016ರ ಜನವರಿಯಲ್ಲಿ ಪ್ರಸ್ತಾವಕ್ಕೆ ತೆರೆ ಬಿತ್ತು. 2020ರಲ್ಲಿ ವಿಷಯ ಮತ್ತೆ ಚರ್ಚೆಗೆ ಬಂದು ತಾತ್ವಿಕ ಒಪ್ಪಿಗೆಯ ಮಾತೂ ಕೇಳಿಬಂತು. ಅದು ಅಧಿಕೃತವಾಗಲು ಇನ್ನೆರಡು ವರ್ಷ ಬೇಕಾದವು.

ಮೂರು ದಾರಿಗಳು

ಮಾರ್ಗಸೂಚಿಯ ಪ್ರಕಾರ ವಿದ್ಯಾರ್ಥಿಯು ತರಗತಿಗೆ ಹಾಜರಾಗುವ ಎರಡು ಪೂರ್ಣಾವಧಿ ಕೋರ್ಸ್‌ಗಳನ್ನು ಓದಬಹುದು. ಒಂದರ ತರಗತಿಯ ವೇಳೆ ಮತ್ತೊಂದರ ವೇಳೆಯೊಂದಿಗೆ ಘರ್ಷಿಸಬಾರದು ಎಂಬುದೇ ಷರತ್ತು. ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಓದುವುದು ಎರಡನೆಯ ದಾರಿ. ಎರಡನ್ನೂ ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲೇ ಮುಗಿಸುವುದು ಮೂರನೆಯದು. ಪಿಎಚ್.ಡಿ.ಗೆ ಈ ಅವಕಾಶ ಅನ್ವಯಿಸದು.

ಮೊದಲನೆಯ ದಾರಿ ಕಾಗದದ ಮೇಲೆ ಸುಲಭ, ವೇಳಾಪಟ್ಟಿಯ ಮೇಲೆ ಕಠಿಣ. ಸಂಜೆ ಕಾಲೇಜುಗಳಿರುವ ಬೆಂಗಳೂರಿನಂಥ ನಗರದಲ್ಲಿ ಇದು ಸಾಧ್ಯವಾದರೂ, ಹಗಲು ತರಗತಿಗಳನ್ನಷ್ಟೇ ನಡೆಸುವ ಕಾಲೇಜುಗಳಿರುವ ಊರಿನಲ್ಲಿ ಅಸಾಧ್ಯವೆಂದೇ ಹೇಳಬೇಕು. ಶೇ 75ರ ಹಾಜರಾತಿ ಎರಡೂ ಕಡೆ ಬೇಕು. ತರಗತಿಯ ವೇಳೆ ಹೊಂದಿದರೂ ಸೆಮಿಸ್ಟರ್ ಪರೀಕ್ಷೆಗಳ ದಿನಾಂಕ ಹೊಂದುವ ಭರವಸೆಯಿಲ್ಲ. ಒಂದೇ ದಿನ ಎರಡು ವಿಶ್ವವಿದ್ಯಾಲಯಗಳ ಪರೀಕ್ಷೆ ಬಿದ್ದರೆ ಯಾವುದಾದರೊಂದನ್ನು ಮುಂದಿನ ಬಾರಿಗೆ ಬಿಡಬೇಕಾದೀತು. ಅವಧಿಯೂ ಸಮನಲ್ಲ. 2021–22ರಲ್ಲಿ ಕರ್ನಾಟಕ ಅಳವಡಿಸಿಕೊಂಡ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು ಸರ್ಕಾರ 2024–25ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಎಂಜಿನಿಯರಿಂಗ್‌ ನಾಲ್ಕು ವರ್ಷದ್ದು. ಹೀಗಾಗಿ ಒಟ್ಟಿಗೆ ಆರಂಭಿಸಿದವು ಒಟ್ಟಿಗೆ ಮುಗಿಯಲೇಬೇಕೆಂದೇನೂ ಇಲ್ಲ.

ವರ್ಗಾವಣೆ ಪತ್ರದ ತೊಡಕು

ಪ್ರವೇಶದ ವೇಳೆ ಪದವಿಪೂರ್ವ ಕಾಲೇಜಿನ ವರ್ಗಾವಣೆ ಪತ್ರವನ್ನೂ ಮೂಲ ಅಂಕಪಟ್ಟಿಯನ್ನೂ ಪಡೆದಿಟ್ಟುಕೊಳ್ಳುವುದು ಕಾಲೇಜುಗಳ ಹಳೆಯ ರೂಢಿ. ವಿದ್ಯಾರ್ಥಿಯ ಬಳಿ ಇರುವುದು ಒಂದೇ ಟಿ.ಸಿ.; ಎರಡನೆಯ ಕಾಲೇಜಿಗೆ ಕೊಡುವುದೇನು? ಈ ದೂರು ಆಯೋಗದವರೆಗೂ ಹೋಯಿತು. ವಿದ್ಯಾರ್ಥಿಗಳಿಗೆ ಅಡ್ಡಿಯಾಗದಂತೆ ಅನುಕೂಲ ಕಲ್ಪಿಸಬೇಕೆಂದು ಯುಜಿಸಿ 2022ರಲ್ಲೇ ವಿಶ್ವವಿದ್ಯಾಲಯಗಳಿಗೆ ಮತ್ತೊಮ್ಮೆ ಪತ್ರ ಬರೆಯಬೇಕಾಯಿತು. ಆದರೂ ಮಾರ್ಗಸೂಚಿಯನ್ನು ಜಾರಿಗೆ ತರುವ ಕ್ರಮವನ್ನು ಆಯಾ ವಿಶ್ವವಿದ್ಯಾಲಯವೇ ತನ್ನ ಶಾಸನಬದ್ಧ ಮಂಡಳಿಗಳ ಮೂಲಕ ರೂಪಿಸಿಕೊಳ್ಳಬೇಕು. ಆದ್ದರಿಂದ ಪ್ರವೇಶಕ್ಕೆ ಮುನ್ನ ಎರಡೂ ವಿಶ್ವವಿದ್ಯಾಲಯಗಳ ಕುಲಸಚಿವರ ಕಚೇರಿಯಿಂದ ಲಿಖಿತ ಉತ್ತರ ಪಡೆಯುವುದು ಕ್ಷೇಮ. ಗುಮಾಸ್ತರ ಬಾಯಿಮಾತು ಮುಂದೆ ಸಾಕ್ಷಿಗೆ ನಿಲ್ಲದು.

ವೃತ್ತಿಪರ ಕೋರ್ಸ್‌ಗಳಿಗೆ ಆಯಾ ಮಂಡಳಿಯ ನಿಯಮವೂ ಅನ್ವಯಿಸುತ್ತದೆ. ಕಾನೂನು ಶಿಕ್ಷಣ ಇದಕ್ಕೆ ಸ್ಪಷ್ಟ ನಿದರ್ಶನ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಕಾನೂನು ಪದವಿಯೊಂದಿಗೆ ಮತ್ತೊಂದು ನಿಯತ ಕೋರ್ಸಿಗೆ ನೋಂದಾಯಿಸಿಕೊಳ್ಳುವುದನ್ನು ನಿಷೇಧಿಸಿವೆ. ಭಾಷೆ, ಕಂಪ್ಯೂಟರ್‌ನಂಥ ಅಲ್ಪಾವಧಿಯ ಸರ್ಟಿಫಿಕೇಟ್ ಕೋರ್ಸ್‌ಗಳಿಗೂ ವಿಶ್ವವಿದ್ಯಾಲಯಗಳ ದೂರಶಿಕ್ಷಣಕ್ಕೂ ವಿನಾಯಿತಿ ಇದೆ. ಐದು ವರ್ಷಗಳ ಬಿ.ಎ., ಎಲ್‌ಎಲ್.ಬಿ. ಅಥವಾ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ನಡೆಯುವ ನಾಲ್ಕು ವರ್ಷಗಳ ಬಿ.ಎಸ್‌ಸಿ., ಬಿ.ಇಡಿ. ಈ ಚರ್ಚೆಯ ವ್ಯಾಪ್ತಿಗೆ ಬಾರವು. ಅವು ಒಂದೇ ಸಂಸ್ಥೆ ಹೆಣೆದುಕೊಡುವ ಸಂಯುಕ್ತ ಕೋರ್ಸ್‌ಗಳು. ಜಾಹೀರಾತುಗಳು ಈ ಭೇದವನ್ನು ಬೇಕೆಂದೇ ಮಸುಕಾಗಿಸುವುದುಂಟು.

ಮಾನ್ಯತೆಯೇ ಮುಖ್ಯ

ಬಹುಪಾಲು ವಿದ್ಯಾರ್ಥಿಗಳಿಗೆ ಒಗ್ಗುವುದು ಎರಡನೆಯ ದಾರಿ. ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಪದವಿ ಇದಕ್ಕೆ ಹೆಸರಾಗಿದೆ. ಜೆಇಇ ಬರೆಯದವರೂ, ಬೇರೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಅಥವಾ ವಾಣಿಜ್ಯ ಓದುತ್ತಿರುವವರೂ ಅದಕ್ಕೆ ಸೇರಬಹುದು. ಪಾಠ ಆನ್‌ಲೈನ್‌ನಲ್ಲಿ, ಪರೀಕ್ಷೆ ಮಾತ್ರ ನಿಗದಿತ ಕೇಂದ್ರದಲ್ಲಿ ಕುಳಿತು ಬರೆಯಬೇಕು. ಸರ್ಟಿಫಿಕೇಟ್, ಡಿಪ್ಲೊಮಾ, ಬಿ.ಎಸ್‌ಸಿ. ಹಂತಗಳಲ್ಲಿ ನಿಲ್ಲಿಸುವ ಅವಕಾಶವಿರುವುದರಿಂದ ಎರಡು ಓದಿನ ಭಾರ ತಾಳದವರ ಶ್ರಮ ಪೂರ್ತಿ ವ್ಯರ್ಥವಾಗುವುದಿಲ್ಲ.

ದೂರಶಿಕ್ಷಣ ಸಂಸ್ಥೆಯನ್ನು ಆರಿಸುವಾಗ ಕರ್ನಾಟಕದವರಿಗೆ ಹತ್ತಿರದ ಪಾಠವೊಂದಿದೆ. 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012–13ರ ಬಳಿಕ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿದಾಗ ಅಸಂಖ್ಯ ವಿದ್ಯಾರ್ಥಿಗಳು ಅತಂತ್ರರಾದರು. 2018ರಲ್ಲಿ ಮಾನ್ಯತೆ ಮರಳಿತಾದರೂ ನಡುವಿನ ವರ್ಷಗಳ ಆತಂಕ ಸಣ್ಣದಾಗಿರಲಿಲ್ಲ. ಸರ್ಕಾರಿ ವಿಶ್ವವಿದ್ಯಾಲಯವೆಂಬ ಹೆಸರೊಂದೇ ಸಾಲದು. ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಬೇಕು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಮುಂತಾದ ವಿಷಯಗಳನ್ನು ದೂರಶಿಕ್ಷಣದಲ್ಲಿ ಬೋಧಿಸುವಂತಿಲ್ಲ. 2025ರಲ್ಲಿ ಮನೋವಿಜ್ಞಾನವೂ ನಿಷಿದ್ಧ ವಿಷಯಗಳ ಸಾಲಿಗೆ ಸೇರಿತು. ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣ ಪದವಿ ನಿಯತ ಪದವಿಗೆ ಸಮಾನವೆಂದು ಯುಜಿಸಿ ಸ್ಪಷ್ಟಪಡಿಸಿರುವುದರಿಂದ ಆ ಬಗ್ಗೆ ಕೀಳರಿಮೆ ಬೇಕಿಲ್ಲ.

ಹಳೆಯ ಪದವಿಗಳ ಗತಿ

2022ಕ್ಕೆ ಮುನ್ನ ಎರಡು ಪದವಿಗಳನ್ನು ಒಟ್ಟಿಗೆ ಓದಿದವರು ಹೊಸ ಮಾರ್ಗಸೂಚಿಯ ಪ್ರಯೋಜನ ಕೇಳುವಂತಿಲ್ಲ ಎಂದು ಮೂಲ ಆದೇಶ ಹೇಳಿತ್ತು. ಒಂದೇ ಅವಧಿಯ ಎರಡು ಅಂಕಪಟ್ಟಿಗಳನ್ನು ಮುಂದಿಟ್ಟವರ ಅರ್ಜಿಗಳು ಅನುಮಾನಕ್ಕೆ ಒಳಗಾಗುವ ಸ್ಥಿತಿ ಇದರಿಂದ ಮುಂದುವರಿಯಿತು. 2025ರ ಜೂನ್‌ನಲ್ಲಿ ಆಯೋಗ ಈ ನಿಲುವನ್ನು ತಿದ್ದಿತು. ಅಂದಿನ ನಿಯಮಗಳಿಗೆ ಅನುಗುಣವಾಗಿ ಓದಿದ್ದರೆ 2022ರ ಏಪ್ರಿಲ್ 13ಕ್ಕೂ ಹಿಂದಿನ ಎರಡು ಪದವಿಗಳು ಸಿಂಧುವಾಗುತ್ತವೆ ಎಂಬುದು ಪರಿಷ್ಕೃತ ಮಾರ್ಗಸೂಚಿಯ ಸಾರ. ಈ ಹಿಂದೆ ಇದೇ ಕಾರಣಕ್ಕೆ ತಿರಸ್ಕೃತರಾದವರು ಹೊಸ ಅರ್ಜಿಯೊಂದಿಗೆ ಪರಿಷ್ಕೃತ ಮಾರ್ಗಸೂಚಿಯ ಪ್ರತಿಯನ್ನೂ, ಓದಿದ ಅವಧಿಯಲ್ಲಿ ಎರಡೂ ಕೋರ್ಸ್‌ಗಳಿಗೆ ಮಾನ್ಯತೆ ಇತ್ತೆಂಬ ದಾಖಲೆಯನ್ನೂ ಲಗತ್ತಿಸುವುದು ಒಳಿತು.