ನವೆಂಬರ್ ಒಂದನೆಯ ತಾರೀಖು

ಬೆಂಗಳೂರಿನ ದಕ್ಷಿಣ ಭಾಗದ ಜಯನಗರವು ಮೈಸೂರಿನ ಕಡೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರವರ ಹೆಸರನ್ನು ಹೊತ್ತ ಬಡಾವಣೆ. ವರ್ಷವರ್ಷವೂ ನವೆಂಬರ್ 1ರಂದು ಅಲ್ಲಿಯ ಬೀದಿಗಳಲ್ಲಿ ಹಳದಿ ಕೆಂಪು ಬಾವುಟಗಳು ಏರುತ್ತವೆ. ಆ ಹೆಸರಿಗೂ ಈ ದಿನಕ್ಕೂ ನಂಟುಂಟು. 1956ನೆಯ ಇಸವಿ ಅಕ್ಟೋಬರ್ 31ರವರೆಗೆ ಹಳೆಯ ಮೈಸೂರಿನ ರಾಜಪ್ರಮುಖರಾಗಿದ್ದ ಒಡೆಯರವರು ಮರುದಿನ ವಿಶಾಲ ಮೈಸೂರಿನ ರಾಜ್ಯಪಾಲರಾದರು; ಶ್ರೀ ಎಸ್. ನಿಜಲಿಂಗಪ್ಪನವರು ಅದರ ಮೊದಲ ಮುಖ್ಯಮಂತ್ರಿಗಳಾದರು.

ಅದುವರೆಗೆ ಕನ್ನಡಿಗರು ಐದು ಸರ್ಕಾರಗಳ ಆಳ್ವಿಕೆಯಲ್ಲಿ ಹಂಚಿಹೋಗಿದ್ದರು. ಮುಂಬಯಿ ರಾಜ್ಯದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು, ಹೈದರಾಬಾದಿನ ಬೀದರ, ಗುಲ್ಬರ್ಗ, ರಾಯಚೂರುಗಳ ಕನ್ನಡ ಭಾಗಗಳು, ಮದರಾಸಿನ ದಕ್ಷಿಣ ಕನ್ನಡ ಹಾಗೂ ಕೊಳ್ಳೇಗಾಲ, ಕೊಡಗು ಇವೆಲ್ಲವೂ ಅಂದು ಮೈಸೂರಿನೊಡನೆ ಒಂದಾದುವು. ಬಳ್ಳಾರಿಯು 1953ರಲ್ಲಿಯೇ ಬಂದು ಸೇರಿತ್ತು.

ಆದರೆ ಕೊಟ್ಟ ದಿನವೇ ಕಸಿದುಕೊಂಡ ದಿನವೂ ಆಯಿತು. ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕು ಅಂದೇ ಕೇರಳಕ್ಕೆ ಸಂದಿತು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಯವರು ತಮ್ಮ ಮನೆಯನ್ನು ಬಿಟ್ಟು ಕದಲದೆ ಬೇರೊಂದು ರಾಜ್ಯದ ಪ್ರಜೆಗಳಾದರು. 1963ರಲ್ಲಿ ಅವರು ತೀರಿಕೊಂಡರು. ಚಂದ್ರಗಿರಿ ಹೊಳೆಯ ಉತ್ತರ ಭಾಗವು ಮೈಸೂರಿಗೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ಅಭಿಪ್ರಾಯವಿತ್ತಿತಾದರೂ ಅದು ಕಾರ್ಯಕ್ಕೆ ಬರಲಿಲ್ಲ.

ಒಂದಾದ ನಾಡಿಗೆ ತಕ್ಕ ಹೆಸರು ದೊರೆಯುವುದಕ್ಕೂ ಕಾಲ ಹಿಡಿಯಿತು. ಮೈಸೂರೆಂಬುದು ಹಳೆಯ ಸಂಸ್ಥಾನದವರಿಗೆ ಪ್ರಿಯವಾದ ಹೆಸರು. ಉತ್ತರದವರಿಗಾದರೋ ಅದು ನಾಡಿನ ಒಂದು ಭಾಗದ ಹೆಸರು ಮಾತ್ರ. ಶ್ರೀ ದೇವರಾಜ ಅರಸರವರು ಮುಖ್ಯಮಂತ್ರಿಗಳಾಗಿದ್ದಾಗ, 1973ನೆಯ ಇಸವಿಯ ಅದೇ ನವೆಂಬರ್ 1ರಂದು, ಅದು ಕರ್ನಾಟಕವೆನಿಸಿತು. ಈ ನಡುವೆ ಹದಿನೇಳು ವರ್ಷಗಳು ಕಳೆದಿದ್ದುವು. ‘ಕರ್ನಾಟಕ ಗತವೈಭವ’ವನ್ನು 1917ರಲ್ಲಿ ಪ್ರಕಟಿಸಿ ಏಕೀಕರಣಕ್ಕಾಗಿಯೇ ಬಾಳನ್ನು ಸವೆಸಿದ ಆಲೂರು ವೆಂಕಟರಾಯರು ನಾಡು ಒಂದಾದುದನ್ನು ಕಣ್ಣಾರೆ ಕಂಡರು. ಆದರೆ 1964ರಲ್ಲಿ ಕಾಲವಾದ ಅವರಿಗೆ, ತಾವು ಬಯಸಿದ ಹೆಸರನ್ನು ಅದು ಪಡೆದುದನ್ನು ಕಾಣುವ ಭಾಗ್ಯವಿಲ್ಲದೆ ಹೋಯಿತು.

2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಮೊದಲಾದ ಹನ್ನೆರಡು ಊರುಗಳಿಗೆ ಇಂಗ್ಲಿಷಿನ ಬರಹದಲ್ಲಿಯೂ ಕನ್ನಡದ ಉಚ್ಚಾರಣೆಯೇ ಅಧಿಕೃತವಾಯಿತು. ಹೀಗೆ ನಾಡು, ನಾಡಿನ ಹೆಸರು, ಊರಿನ ಹೆಸರು ಮೂರೂ ಒಂದೇ ತಾರೀಖಿನಂದು ಬೇರೆ ಬೇರೆ ವರ್ಷಗಳಲ್ಲಿ ಕೈಗೂಡಿದುವು. ಹೆಸರನ್ನು ಕಾಣದೆ ಹೋದ ಆಲೂರರನ್ನೂ, ಗಡಿಯಾಚೆ ಉಳಿದ ಮಂಜೇಶ್ವರವನ್ನೂ ನೆನೆದಾಗಲೇ ಬಾವುಟವನ್ನು ಏರಿಸಿದ್ದು ಸಾರ್ಥಕ.